ಬಿದ್ದರೂ ಮಣ್ಣಾಗದ ಮೀಸೆ: ಪಾಟ್ನಾದ ವದಂತಿಯಿಂದ ಓಕ್ ಪಾರ್ಕಿನ ಪ್ರಳಯದವರೆಗೆ

ಕಣದಲ್ಲಿ ಚಿತ್ತಾಗಿ ಬಿದ್ದ ಜಟ್ಟಿ ಎದ್ದು ನಿಂತು, ಬಿದ್ದರೇನಂತೆ, ಮೀಸೆ ಮಣ್ಣಾಗಲಿಲ್ಲ ಎಂದನಂತೆ. ಕುಣಿಯಲಾರದವಳು ನೆಲವೇ ಡೊಂಕು ಎಂದಳಂತೆ. ಈ ಎರಡು ಗಾದೆಗಳನ್ನು ನಾವೆಲ್ಲರೂ ಚಿಕ್ಕಂದಿನಲ್ಲಿ ಕೇಳಿ ನಕ್ಕಿದ್ದೇವೆ. ನಗುವಾಗ ಆ ಜಟ್ಟಿಯೂ ಆ ಕುಣಿಯಲಾರದವಳೂ ಬೇರೆ ಯಾರೋ ಆಗಿದ್ದರು. ಆದರೆ ಗಾದೆಗಳು ಹುಟ್ಟುವುದು ಬೇರೆಯವರ ಮನೆಯಲ್ಲಿ ಮಾತ್ರ ನಡೆಯುವ ಸಂಗತಿಗಳಿಂದಲ್ಲ. ಸೋಲು ಕಣ್ಣೆದುರಿಗಿರುವಾಗಲೂ ತಾನು ಸೋಲುವವನಲ್ಲ ಎಂಬ ಭಾವವನ್ನು ಕಾಪಾಡಿಕೊಳ್ಳುವ ಈ ಚಾತುರ್ಯ ಮನುಷ್ಯಮಾತ್ರರಿಗೆಲ್ಲ ಸಾಮಾನ್ಯವಾದದ್ದು. ಅದಕ್ಕೆ ಶಾಸ್ತ್ರದಲ್ಲಿ ಒಂದು ಹೆಸರು ಸಿಕ್ಕಿದ್ದು ಮಾತ್ರ ಕಳೆದ ಶತಮಾನದ ನಡುವಿನಲ್ಲಿ. ಕಾಗ್ನಿಟಿವ್ ಡಿಸೊನೆನ್ಸ್ ಎಂಬುದು ಆ ಹೆಸರು. ಡಿಸೊನೆನ್ಸ್ ಎಂಬುದು ಸಂಗೀತದಿಂದ ಬಂದ ಮಾತಾದ್ದರಿಂದ ಇದನ್ನು ನಾವು ಇಲ್ಲಿ 'ಅರಿವಿನ ಅಪಸ್ವರ' ಎಂದು ಕರೆಯುತ್ತೇವೆ.

ಈ ವಿಚಾರದ ಇತಿಹಾಸವನ್ನು ನಮ್ಮ ಕೂಟದ ಓದುಗರ ಮುಂದಿಡಲು ಎರಡು ಕಾರಣಗಳಿವೆ. ಒಂದು, ಈ ಕಥೆಯ ಬೀಜ ಮೊಳೆತದ್ದು ಭಾರತದ ಒಂದು ಭೂಕಂಪದಲ್ಲಿ; ಅದು ಮರವಾದದ್ದು ನಮ್ಮಲ್ಲಿ ಅನೇಕರು ವಾಸವಾಗಿರುವ ಶಿಕಾಗೊ ಉಪನಗರಗಳಲ್ಲಿ ಒಂದಾದ ಓಕ್ ಪಾರ್ಕಿನಲ್ಲಿ. ಊರಿನಿಂದ ನೆಂಟರು ಬಂದಾಗ ವಾಸ್ತುಶಿಲ್ಪಿ ಫ್ರ್ಯಾಂಕ್ ಲಾಯ್ಡ್ ರೈಟ್ ಅವರ ಮನೆಯನ್ನೂ, ಹೆಮಿಂಗ್ವೆ ಹುಟ್ಟಿದ ಮನೆಯನ್ನೂ ತೋರಿಸಲು ಅವರನ್ನು ಅಲ್ಲಿಗೆ ಕರೆದೊಯ್ಯುತ್ತೇವೆ. ಅದೇ ಊರಿನ ಇನ್ನೊಂದು ಮನೆಯ ಕಥೆಯನ್ನು ನಮ್ಮಲ್ಲಿ ಹೆಚ್ಚಿನವರು ಕೇಳಿಲ್ಲ. ಎರಡನೆಯ ಕಾರಣ ನಮ್ಮದೇ ಕೂಟಕ್ಕೆ ಸಂಬಂಧಿಸಿದ್ದು. ಅದನ್ನು ಲೇಖನದ ಕೊನೆಗೆ ಹೇಳುತ್ತೇವೆ.

ಗಂಗೆಯ ದಡದ ವದಂತಿಗಳು

1934ರ ಜನವರಿ 15ರಂದು, ಮಕರ ಸಂಕ್ರಾಂತಿಯ ದಿನಗಳಲ್ಲಿ, ಬಿಹಾರ ಮತ್ತು ನೇಪಾಳದ ನೆಲ ನಡುಗಿತು. ಸುಮಾರು 8ರ ತೀವ್ರತೆಯ ಆ ಭೂಕಂಪದಲ್ಲಿ 10,000ಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. ಮುಂಗೇರ್, ಮುಜಫ್ಫರ್‌ಪುರದಂಥ ಪಟ್ಟಣಗಳು ಕುಸಿದವು. ಅಸ್ಪೃಶ್ಯತೆಯ ಪಾಪಕ್ಕೆ ದೇವರು ಕೊಟ್ಟ ಶಿಕ್ಷೆ ಇದು ಎಂದು ಗಾಂಧೀಜಿ ಹೇಳಿದ್ದು, ನಿಸರ್ಗದ ಘಟನೆಗೆ ಇಂಥ ಅರ್ಥ ಹಚ್ಚುವುದು ಸರಿಯಲ್ಲವೆಂದು ರವೀಂದ್ರನಾಥ ಠಾಕೂರರು ಬಹಿರಂಗವಾಗಿಯೇ ಪ್ರತಿಭಟಿಸಿದ್ದು ಇದೇ ಸಂದರ್ಭದಲ್ಲಿ.

ಈ ವಾಗ್ವಾದದ ಸದ್ದಿಗೆ ದೂರವಾಗಿ, ಜಮುನಾ ಪ್ರಸಾದ್ ಎಂಬ ಭಾರತೀಯ ಮನಶ್ಶಾಸ್ತ್ರಜ್ಞರು ಒಂದು ಸಣ್ಣ ಕೆಲಸವನ್ನು ಮಾಡುತ್ತಿದ್ದರು. ಭೂಕಂಪದ ನಂತರ ಜನರ ಬಾಯಿಂದ ಬಾಯಿಗೆ ಹರಿದಾಡುತ್ತಿದ್ದ ವದಂತಿಗಳನ್ನು ಅವರು ಬರೆದಿಟ್ಟುಕೊಂಡರು. ಪಾಟ್ನಾಕ್ಕೆ ಭಾರಿ ಚಂಡಮಾರುತ ಬರಲಿದೆ. ಚಂದ್ರಗ್ರಹಣದ ದಿನ ಇನ್ನೊಂದು ಘೋರ ಭೂಕಂಪವಾಗಲಿದೆ. ಇಂಥ ದಿನ ಪ್ರಳಯವೇ ಆಗಲಿದೆ. ಇಂಥವು ಆ ವದಂತಿಗಳು. 1935ರಲ್ಲಿ ಈ ಅಧ್ಯಯನ ಬ್ರಿಟನ್ನಿನ ಮನಶ್ಶಾಸ್ತ್ರ ಪತ್ರಿಕೆಯೊಂದರಲ್ಲಿ ಪ್ರಕಟವಾಯಿತು. ಆಮೇಲೆ ಎಷ್ಟೋ ಸಂಶೋಧನ ಲೇಖನಗಳಂತೆ ಅದೂ ಗ್ರಂಥಾಲಯದ ಕಪಾಟಿನಲ್ಲಿ ಮಲಗಿತು.

ಅದನ್ನು ಎಬ್ಬಿಸಿದವರು ಲಿಯಾನ್ ಫೆಸ್ಟಿಂಜರ್. 1919ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ, ರಷ್ಯಾದಿಂದ ವಲಸೆ ಬಂದ ಯಹೂದಿ ಕುಟುಂಬದಲ್ಲಿ ಹುಟ್ಟಿದ ಅವರು 1950ರ ದಶಕದ ಆರಂಭದಲ್ಲಿ ಮಿನೆಸೋಟ ವಿಶ್ವವಿದ್ಯಾಲಯದಲ್ಲಿದ್ದರು. ಜನರ ನಡುವೆ ಸುದ್ದಿ ಹೇಗೆ ಹರಡುತ್ತದೆ ಎಂಬುದರ ಕುರಿತು ಅದುವರೆಗೆ ನಡೆದಿದ್ದ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ ಪರಿಶೀಲಿಸುವ ಹೊಣೆ ಅವರ ಮೇಲೆ ಬಿದ್ದಿತ್ತು. ಆಗ ಪ್ರಸಾದರ ಲೇಖನ ಅವರ ಕೈಗೆ ಬಂದಿತು. ಅದರಲ್ಲಿನ ಒಂದು ಸಂಗತಿ ಅವರನ್ನು ಬಿಡಲಿಲ್ಲ. ಭಯಪಟ್ಟ ಮನುಷ್ಯ ಸಮಾಧಾನದ ಮಾತನ್ನು ಹುಡುಕಬೇಕಲ್ಲವೆ? ಆಗಿದ್ದು ಆಗಿಹೋಯಿತು, ಇನ್ನೇನೂ ಆಗುವುದಿಲ್ಲ ಎಂಬ ಸುದ್ದಿ ಹರಡಬೇಕಿತ್ತು. ಅದರ ಬದಲು ಜನ ಇನ್ನೂ ಹೆಚ್ಚಿನ ವಿಪತ್ತಿನ ಸುದ್ದಿಯನ್ನು ತಾವೇ ಹುಟ್ಟಿಸಿ, ತಾವೇ ನಂಬಿದ್ದೇಕೆ?

ಉತ್ತರದ ಸುಳಿವು ಆ ವದಂತಿಗಳು ಹುಟ್ಟಿದ ಸ್ಥಳದಲ್ಲಿತ್ತು. ಅವು ಹರಡಿದ್ದು ನೆಲ ನಡುಗಿದ್ದನ್ನು ಅನುಭವಿಸಿದ್ದರೂ ಹೆಚ್ಚಿನ ಹಾನಿಯನ್ನು ಕಣ್ಣಾರೆ ಕಾಣದ ಜನರಲ್ಲಿ. ಅವರ ಎದೆಯಲ್ಲಿ ಭಯವಿತ್ತು. ಕಣ್ಣ ಮುಂದೆ ಆ ಭಯಕ್ಕೆ ತಕ್ಕ ಕಾರಣವಿರಲಿಲ್ಲ. ಮನೆ ನಿಂತಿದೆ, ಮಕ್ಕಳು ಕ್ಷೇಮವಾಗಿದ್ದಾರೆ, ಆದರೂ ಕೈಕಾಲು ನಡುಗುತ್ತಿವೆ. ಈ ಎರಡು ಅರಿವುಗಳು ಒಂದಕ್ಕೊಂದು ಹೊಂದುವುದಿಲ್ಲ. ಭಯವನ್ನು ಇಳಿಸಿಕೊಳ್ಳುವುದು ನಮ್ಮ ಕೈಯಲ್ಲಿಲ್ಲದಿರುವಾಗ, ಆ ಭಯಕ್ಕೆ ಹೊಂದುವ ಕಾರಣವೊಂದನ್ನು ಒದಗಿಸಿಕೊಳ್ಳುವುದು ಸುಲಭ. ಪ್ರಳಯದ ವದಂತಿ ಭಯವನ್ನು ಹುಟ್ಟಿಸಲಿಲ್ಲ, ಆಗಲೇ ಇದ್ದ ಭಯವನ್ನು ಸಮರ್ಥಿಸಿತು. ಇದು ಫೆಸ್ಟಿಂಜರ್ ಕಂಡುಕೊಂಡ ಉತ್ತರ.

ಇದಕ್ಕೆ ಇನ್ನೊಂದು ತುದಿಯ ಸಾಕ್ಷ್ಯವೂ ಭಾರತದಿಂದಲೇ ದೊರೆಯಿತು. ಮುಂದೆ ಅಲಹಾಬಾದ್ ವಿಶ್ವವಿದ್ಯಾಲಯದಲ್ಲಿ ಮನಶ್ಶಾಸ್ತ್ರ ವಿಭಾಗವನ್ನು ಬೆಳೆಸಿದ ದುರ್ಗಾನಂದ ಸಿನ್ಹಾ ಅವರು ಡಾರ್ಜಿಲಿಂಗ್‌ನ ಭೂಕುಸಿತದ ಬಳಿಕ ಅಲ್ಲಿನ ಜನರ ಮಾತುಕತೆಯನ್ನು ಅಧ್ಯಯನ ಮಾಡಿ 1952ರಲ್ಲಿ ಪ್ರಕಟಿಸಿದ್ದರು. ಅಲ್ಲಿ ಜನ ಸಾವನ್ನೂ ಹಾನಿಯನ್ನೂ ಕಣ್ಣಾರೆ ಕಂಡಿದ್ದರು. ಅವರಲ್ಲಿ ಮುಂದೆ ಇನ್ನೂ ಘೋರವಾದದ್ದು ಬರಲಿದೆ ಎಂಬ ವದಂತಿಗಳು ಹರಡಿರಲಿಲ್ಲ. ಭಯಕ್ಕೆ ಕಾರಣ ಎದುರಿಗೇ ಇದ್ದಾಗ ಕಾರಣವನ್ನು ಕಲ್ಪಿಸಿಕೊಳ್ಳುವ ಅಗತ್ಯ ಬೀಳುವುದಿಲ್ಲ. ಹೀಗೆ ಇಂದು ಜಗತ್ತಿನ ಮನಶ್ಶಾಸ್ತ್ರ ತರಗತಿಗಳಲ್ಲೆಲ್ಲ ಬೋಧಿಸುವ ಒಂದು ಸಿದ್ಧಾಂತದ ಬುಡದಲ್ಲಿ ಇಬ್ಬರು ಭಾರತೀಯ ವಿದ್ವಾಂಸರ ಶ್ರಮವಿದೆ. ಫೆಸ್ಟಿಂಜರ್ ತಮ್ಮ 1957ರ ಗ್ರಂಥದಲ್ಲಿ ಇಬ್ಬರನ್ನೂ ಹೆಸರಿಸಿದ್ದಾರೆ. ನಮ್ಮ ಮಕ್ಕಳು ಕಾಲೇಜಿನಲ್ಲಿ ಈ ಪಾಠವನ್ನು ಓದುವಾಗ ಇಷ್ಟನ್ನಾದರೂ ತಿಳಿದಿರಲಿ.

ಓಕ್ ಪಾರ್ಕಿನ ಮನೆಯಲ್ಲಿ ಒಂದು ರಾತ್ರಿ

1954ರ ಸೆಪ್ಟೆಂಬರಿನಲ್ಲಿ ಪತ್ರಿಕೆಯೊಂದರಲ್ಲಿ ಒಂದು ವಿಚಿತ್ರ ಸುದ್ದಿ ಬಂದಿತು. ಅನ್ಯಗ್ರಹದ ಜೀವಿಗಳು ತನ್ನ ಕೈಯಿಂದ ಸಂದೇಶಗಳನ್ನು ಬರೆಸುತ್ತಿದ್ದಾರೆಂದೂ, ಡಿಸೆಂಬರ್ 21ರಂದು ಮಹಾಪ್ರವಾಹ ಬಂದು ನಗರಗಳು ಮುಳುಗಲಿವೆಯೆಂದೂ ಗೃಹಿಣಿಯೊಬ್ಬರು ಹೇಳುತ್ತಿದ್ದರು. ಅವರು ಓಕ್ ಪಾರ್ಕಿನ ಡೊರೊಥಿ ಮಾರ್ಟಿನ್. ಅವರ ಸುತ್ತ ಒಂದು ಸಣ್ಣ ಗುಂಪು ಕಟ್ಟಿಕೊಂಡಿತ್ತು. ಅದರಲ್ಲಿ ಮಿಷಿಗನ್ನಿನ ಈಸ್ಟ್ ಲ್ಯಾನ್ಸಿಂಗ್‌ನ ಕಾಲೇಜೊಂದರ ವೈದ್ಯ ಚಾರ್ಲ್ಸ್ ಲಾಹೆಡ್ ಮತ್ತು ಅವರ ಪತ್ನಿಯೂ ಇದ್ದರು. ಈ ನಂಬಿಕೆಯ ಕಾರಣಕ್ಕೆ ಆ ವೈದ್ಯರ ಹುದ್ದೆ ಹೋಯಿತು.

ಫೆಸ್ಟಿಂಜರ್ ಮತ್ತು ಅವರ ಸಹೋದ್ಯೋಗಿಗಳಾದ ಹೆನ್ರಿ ರೀಕನ್, ಸ್ಟ್ಯಾನ್ಲಿ ಶಾಕ್ಟರ್ ಅವರಿಗೆ ಇದು ಅಪೂರ್ವ ಅವಕಾಶವಾಗಿ ತೋರಿತು. ಗಟ್ಟಿಯಾಗಿ ನಂಬಿದವರು, ಆ ನಂಬಿಕೆಗಾಗಿ ಬಹಳಷ್ಟನ್ನು ಕಳೆದುಕೊಂಡವರು, ಭವಿಷ್ಯ ಸುಳ್ಳಾದ ದಿನ ಏನು ಮಾಡುತ್ತಾರೆ? ಅವರು ತಾವೂ ಭಕ್ತರೆಂಬಂತೆ ನಟಿಸಿ ಗುಂಪನ್ನು ಸೇರಿದರು, ತಮ್ಮ ಸಹಾಯಕರನ್ನೂ ಸೇರಿಸಿದರು. 1956ರಲ್ಲಿ ಪ್ರಕಟವಾದ ಅವರ ಪುಸ್ತಕದಲ್ಲಿ ವ್ಯಕ್ತಿಗಳ ಹೆಸರುಗಳನ್ನೂ ಊರುಗಳ ಹೆಸರುಗಳನ್ನೂ ಬದಲಿಸಲಾಗಿತ್ತು.

ಆ ಪುಸ್ತಕ ಹೇಳುವ ಕಥೆ ಹೀಗಿದೆ. ಡಿಸೆಂಬರ್ 20ರ ಮಧ್ಯರಾತ್ರಿ ಅನ್ಯಗ್ರಹದಿಂದ ದೂತನೊಬ್ಬ ಬಂದು ಬಾಗಿಲು ತಟ್ಟಿ, ಎಲ್ಲರನ್ನೂ ಹಾರುವ ತಟ್ಟೆಗೆ ಕರೆದೊಯ್ಯಬೇಕಿತ್ತು. ಮೈಮೇಲೆ ಲೋಹವಿರಬಾರದೆಂಬ ಆಜ್ಞೆಯಂತೆ ಬಟ್ಟೆಗಳ ಜಿಪ್ಪುಗಳನ್ನು ಕತ್ತರಿಸಿ ತೆಗೆದರು. ಕೋಣೆಯಲ್ಲಿ ಎರಡು ಗಡಿಯಾರಗಳಿದ್ದವು. ಒಂದರಲ್ಲಿ ಹನ್ನೆರಡು ದಾಟಿ ಐದು ನಿಮಿಷವಾದಾಗ, ಇನ್ನೊಂದರಲ್ಲಿ ಹನ್ನೆರಡಕ್ಕೆ ಐದು ನಿಮಿಷ ಬಾಕಿಯಿತ್ತು; ನಿಧಾನವಾಗಿದ್ದ ಗಡಿಯಾರವೇ ಸರಿಯೆಂದು ಎಲ್ಲರೂ ಒಪ್ಪಿದರು. ಆ ಗಡಿಯಾರದಲ್ಲೂ ಹನ್ನೆರಡು ಹೊಡೆಯಿತು. ಯಾರೂ ಬರಲಿಲ್ಲ. ಗಂಟೆಗಳು ಉರುಳಿದವು, ಮೌನ ಹೆಪ್ಪುಗಟ್ಟಿತು, ಕೆಲವರು ಅತ್ತರು. ಬೆಳಗಿನ ಜಾವ ಸುಮಾರು 4 ಗಂಟೆ 45 ನಿಮಿಷಕ್ಕೆ ಹೊಸ ಸಂದೇಶ ಬಂದಿತು: ಈ ಸಣ್ಣ ಗುಂಪು ರಾತ್ರಿಯೆಲ್ಲ ಕುಳಿತು ಹರಡಿದ ಬೆಳಕಿನ ಕಾರಣದಿಂದ ದೇವರು ಜಗತ್ತನ್ನು ಪ್ರಳಯದಿಂದ ಉಳಿಸಿದ್ದಾನೆ!

ಭವಿಷ್ಯ ಸುಳ್ಳಾಗಲಿಲ್ಲ, ತಮ್ಮಿಂದಾಗಿ ಪ್ರಳಯವೇ ತಪ್ಪಿತು. ಬಿದ್ದ ಜಟ್ಟಿಯ ಮೀಸೆಗೆ ಇದಕ್ಕಿಂತ ಒಳ್ಳೆಯ ಕಾವಲು ಬೇಕೆ? ಅದುವರೆಗೆ ಪತ್ರಕರ್ತರನ್ನು ದೂರವಿಟ್ಟಿದ್ದ ಗುಂಪು ಆ ಬೆಳಗ್ಗೆ ತಾನಾಗಿ ಪತ್ರಿಕೆಗಳಿಗೆ ಫೋನ್ ಮಾಡತೊಡಗಿತು ಎಂದು ಪುಸ್ತಕ ಹೇಳುತ್ತದೆ. ಕಾರಣವಿಷ್ಟೆ: ನಂಬುವವರ ಸಂಖ್ಯೆ ಹೆಚ್ಚಿದಷ್ಟೂ ನಮ್ಮ ನಂಬಿಕೆ ಸರಿಯೆಂಬ ಸಮಾಧಾನವೂ ಹೆಚ್ಚುತ್ತದೆ. ಇದಕ್ಕೆ ಪ್ರತಿಯಾಗಿ ಕ್ರಿಸ್ಮಸ್ ರಜೆಗೆಂದು ತಮ್ಮ ತಮ್ಮ ಊರುಗಳಿಗೆ ಹೋಗಿ, ಒಂಟಿಯಾಗಿ ಕಾದಿದ್ದ ಈಸ್ಟ್ ಲ್ಯಾನ್ಸಿಂಗ್‌ನ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ನಂಬಿಕೆಯನ್ನು ಕೈಬಿಟ್ಟರು. ಮೀಸೆ ಮಣ್ಣಾಗಲಿಲ್ಲವೆಂದು ನಮ್ಮಷ್ಟಕ್ಕೆ ನಾವೇ ಹೇಳಿಕೊಂಡರೆ ಸಾಲದು; ಹೌದು ಹೌದು ಎನ್ನುವ ನಾಲ್ಕು ಜನ ಜೊತೆಗಿರಬೇಕು.

ಒಂದು ಡಾಲರಿನ ಸುಳ್ಳು

1955ರಲ್ಲಿ ಫೆಸ್ಟಿಂಜರ್ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯಕ್ಕೆ ಹೋದರು. ಅಲ್ಲಿ ಜೇಮ್ಸ್ ಕಾರ್ಲ್‌ಸ್ಮಿತ್ ಅವರೊಂದಿಗೆ ನಡೆಸಿ 1959ರಲ್ಲಿ ಪ್ರಕಟಿಸಿದ ಪ್ರಯೋಗವು ಈ ಸಿದ್ಧಾಂತವನ್ನು ಪ್ರಸಿದ್ಧಿಗೆ ತಂದಿತು. ವಿದ್ಯಾರ್ಥಿಗಳನ್ನು ಒಬ್ಬೊಬ್ಬರಾಗಿ ಕರೆದು ಒಂದು ಗಂಟೆಯ ಕಾಲ ಅತ್ಯಂತ ನೀರಸವಾದ ಕೆಲಸವನ್ನು ಮಾಡಿಸಿದರು. ಅರ್ಧ ಗಂಟೆ ತಟ್ಟೆಯಲ್ಲಿ ನೂಲಿನ ಉರುಳೆಗಳನ್ನು ತುಂಬುವುದು, ತೆಗೆಯುವುದು, ಮತ್ತೆ ತುಂಬುವುದು. ಇನ್ನರ್ಧ ಗಂಟೆ ಹಲಗೆಯ ಮೇಲಿನ 48 ಗೂಟಗಳನ್ನು ಕಾಲು ಸುತ್ತು ತಿರುಗಿಸುತ್ತ ಹೋಗುವುದು. ಬಳಿಕ, ಹೊರಗೆ ಕಾಯುತ್ತಿರುವವರಿಗೆ ಈ ಕೆಲಸ ಬಹಳ ಸ್ವಾರಸ್ಯಕರವಾಗಿತ್ತೆಂದು ಹೇಳಬೇಕೆಂದು ಕೇಳಿಕೊಂಡರು. ಈ ಸಣ್ಣ ಸುಳ್ಳಿಗೆ ಕೆಲವರಿಗೆ 1 ಡಾಲರ್, ಇನ್ನು ಕೆಲವರಿಗೆ 20 ಡಾಲರ್ ಕೊಟ್ಟರು. ಆ ಕಾಲಕ್ಕೆ 20 ಡಾಲರ್ ಸಣ್ಣ ಮೊತ್ತವಲ್ಲ.

ಕೊನೆಗೆ, ಕೆಲಸ ನಿಜವಾಗಿ ಎಷ್ಟು ಹಿಡಿಸಿತೆಂದು ಋಣ 5ರಿಂದ ಧನ 5ರವರೆಗಿನ ಅಳತೆಯಲ್ಲಿ ಹೇಳಿಸಿದರು. ಹೆಚ್ಚು ಹಣ ಪಡೆದವರು ಹೆಚ್ಚು ಸಂತೋಷದಿಂದಿರಬೇಕೆಂದು ನಮಗೆ ತೋರುತ್ತದೆ. ಆದದ್ದು ತದ್ವಿರುದ್ಧ. ಸುಳ್ಳು ಹೇಳದವರ ಸರಾಸರಿ ಋಣ 0.45, ಇಪ್ಪತ್ತು ಡಾಲರ್ ಪಡೆದವರದು ಋಣ 0.05; ಒಂದು ಡಾಲರ್ ಪಡೆದವರದು ಧನ 1.35. ಇಪ್ಪತ್ತು ಡಾಲರ್ ಪಡೆದವನಿಗೆ ತನ್ನ ಸುಳ್ಳಿಗೆ ಕಾರಣ ಜೇಬಿನಲ್ಲಿಯೇ ಇತ್ತು. ಒಂದು ಡಾಲರಿಗೆ ಸುಳ್ಳಾಡಿದವನಿಗೆ ಆ ಆಸರೆಯಿಲ್ಲ. ಒಂದು ಡಾಲರಿಗಾಗಿ ಸುಳ್ಳು ಹೇಳುವಂಥವನೆ ನಾನು ಎಂಬ ಪ್ರಶ್ನೆಯನ್ನು ಎದುರಿಸುವ ಬದಲು, ಕೆಲಸ ಅಷ್ಟೇನೂ ಬೇಸರದ್ದಾಗಿರಲಿಲ್ಲ ಎಂದು ತನ್ನ ಅಭಿಪ್ರಾಯವನ್ನೇ ಅವನು ತಿದ್ದಿಕೊಂಡ. ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲಾಗದು. ಅಭಿಪ್ರಾಯವನ್ನು ಯಾರಿಗೂ ಕಾಣದಂತೆ ಬದಲಿಸಿಕೊಳ್ಳಬಹುದು.

ಇದೇ ಕಾಲದಲ್ಲಿ ಜ್ಯಾಕ್ ಬ್ರೆಮ್ ಎಂಬುವರು ಮಿನೆಸೋಟದಲ್ಲಿ ಮನೆಬಳಕೆಯ ವಸ್ತುಗಳನ್ನಿಟ್ಟುಕೊಂಡು ಇನ್ನೊಂದು ಪ್ರಯೋಗ ನಡೆಸಿದ್ದರು. ಅದು 1956ರಲ್ಲಿ ಪ್ರಕಟವಾಯಿತು. ಮಹಿಳೆಯರಿಗೆ ಎಂಟು ವಸ್ತುಗಳನ್ನು ತೋರಿಸಿ, ಯಾವುದು ಎಷ್ಟು ಇಷ್ಟವೆಂದು ಕೇಳಿ, ಎರಡರಲ್ಲಿ ಒಂದನ್ನು ಆರಿಸಿಕೊಳ್ಳಲು ಬಿಟ್ಟರು. ಸ್ವಲ್ಪ ಹೊತ್ತಿನ ನಂತರ ಮತ್ತೆ ಕೇಳಿದಾಗ, ಆರಿಸಿಕೊಂಡ ವಸ್ತು ಮೊದಲಿಗಿಂತ ಚೆನ್ನಾಗಿ ಕಂಡಿತ್ತು. ಬಿಟ್ಟ ವಸ್ತು ಮೊದಲಿಗಿಂತ ಸಪ್ಪೆಯಾಗಿ ಕಂಡಿತ್ತು. ಮೊದಲು ಎರಡೂ ಸರಿಸುಮಾರು ಸಮನಾಗಿದ್ದಾಗ ಈ ಬದಲಾವಣೆ ಇನ್ನೂ ಹೆಚ್ಚು. ಎರಡು ದೇಶಗಳಲ್ಲಿ ಒಂದನ್ನು ಆರಿಸಿಕೊಂಡ ನಾವು ಈ ಪ್ರಯೋಗವನ್ನು ಓದುವಾಗ ಒಂದು ಗಳಿಗೆ ನಿಲ್ಲಬೇಕಾಗುತ್ತದೆ.

ತಾನು ಎಂಬ ಚಿತ್ರ

ಫೆಸ್ಟಿಂಜರ್ ಅವರ ಮೂಲ ಸಿದ್ಧಾಂತದಲ್ಲಿ ಹೊಂದಿಕೆಯಾಗದ ಯಾವ ಎರಡು ಅರಿವುಗಳಾದರೂ ಅಪಸ್ವರ ಹುಟ್ಟಿಸಬಹುದಿತ್ತು. ಅವರ ಶಿಷ್ಯರಾಗಿದ್ದ ಎಲಿಯಟ್ ಆರಾನ್ಸನ್ ಇದನ್ನು ಇನ್ನಷ್ಟು ಮೊನಚುಗೊಳಿಸಿದರು. ಅಪಸ್ವರ ಅತ್ಯಂತ ಕರ್ಕಶವಾಗುವುದು, ಮನುಷ್ಯ ತನ್ನ ಬಗ್ಗೆ ಬರೆದುಕೊಂಡ ಚಿತ್ರಕ್ಕೆ ಪೆಟ್ಟು ಬಿದ್ದಾಗ ಎಂದರು ಅವರು. ನಾವು ಹೆಚ್ಚಿನವರು ನಮ್ಮನ್ನು ಒಳ್ಳೆಯವರೆಂದೂ ತಿಳಿವಳಿಕೆಯುಳ್ಳವರೆಂದೂ ಭಾವಿಸುತ್ತೇವೆ. ನಮ್ಮ ಕೃತಿಯೊಂದು ಅವಿವೇಕದ್ದಾಗಿ ಅಥವಾ ಅನ್ಯಾಯದ್ದಾಗಿ ಕಂಡರೆ ಎರಡು ದಾರಿಗಳಿವೆ: ತಪ್ಪನ್ನು ಒಪ್ಪಿಕೊಳ್ಳುವುದು, ಅಥವಾ ತಪ್ಪಿನ ಅರ್ಥವನ್ನು ಬದಲಿಸುವುದು. ಎರಡನೆಯದು ಸುಳ್ಳು ಹೇಳಿದಂತಲ್ಲ. ಸುಳ್ಳು ಹೇಳುವವನಿಗೆ ಸತ್ಯ ಗೊತ್ತಿರುತ್ತದೆ. ಇಲ್ಲಿ ಮನಸ್ಸು ಮೊದಲು ತನ್ನನ್ನೇ ನಂಬಿಸಿಕೊಂಡಿರುತ್ತದೆ. ಆದ್ದರಿಂದಲೇ ಇದು ಹೆಚ್ಚು ಅಪಾಯಕರ. ಆರಾನ್ಸನ್ ಮತ್ತು ಕ್ಯಾರಲ್ ಟಾವ್ರಿಸ್ 2007ರಲ್ಲಿ ಇದನ್ನೇ ಕುರಿತು ಪುಸ್ತಕ ಬರೆದು, ನ್ಯಾಯಾಲಯಗಳಲ್ಲಿ, ಆಸ್ಪತ್ರೆಗಳಲ್ಲಿ, ದಾಂಪತ್ಯಗಳಲ್ಲಿ ಒಳ್ಳೆಯವರೇ ಹೇಗೆ ತಮ್ಮ ತಪ್ಪುಗಳಿಗೆ ಅಂಟಿಕೊಳ್ಳುತ್ತಾರೆಂದು ವಿವರಿಸಿದರು.

1980ರ ದಶಕದಲ್ಲಿ ಕ್ಲಾಡ್ ಸ್ಟೀಲ್ ಎಂಬ ಮನಶ್ಶಾಸ್ತ್ರಜ್ಞರು ಇದಕ್ಕೆ ಒಂದು ಆಶಾದಾಯಕ ಪುಟವನ್ನು ಸೇರಿಸಿದರು. ತನಗೆ ಮುಖ್ಯವಾದ ಬೇರೊಂದು ಮೌಲ್ಯವನ್ನು ನೆನಪಿಸಿಕೊಂಡು, ತಾನು ಒಟ್ಟಿನಲ್ಲಿ ಯೋಗ್ಯನೇ ಎಂಬ ಭರವಸೆ ಪಡೆದವನಿಗೆ, ಈ ಒಂದು ತಪ್ಪನ್ನು ಸಮರ್ಥಿಸಿಕೊಳ್ಳುವ ತುರ್ತು ಕಡಿಮೆಯಾಗುತ್ತದೆ ಎಂದು ಅವರ ಪ್ರಯೋಗಗಳು ತೋರಿಸಿದವು. ಮೀಸೆಯೊಂದೇ ತನ್ನ ಮಾನವೆಂದುಕೊಂಡ ಜಟ್ಟಿಗೆ ಮಣ್ಣಿನ ಭಯ. ಬೇರೆಯೂ ಮಾನವುಂಟೆಂದು ತಿಳಿದವನು ಮಣ್ಣನ್ನು ಒರೆಸಿಕೊಂಡು, ಹೌದು ಬಿದ್ದೆ ಎನ್ನಬಲ್ಲ.

ಶೋಧಕರ ಮೀಸೆಗೂ ಮಣ್ಣು

ಇತಿಹಾಸ ಬರೆಯುವಾಗ ಕಥೆಯನ್ನು ಇಲ್ಲಿಗೇ ನಿಲ್ಲಿಸುವುದು ಸುಲಭ, ಆದರೆ ಪ್ರಾಮಾಣಿಕವಲ್ಲ. ಓಕ್ ಪಾರ್ಕಿನ ಪುಸ್ತಕದ ಮೇಲೆ ಮೊದಲಿನಿಂದಲೂ ಒಂದು ಆಕ್ಷೇಪವಿತ್ತು: ಅಷ್ಟು ಸಣ್ಣ ಗುಂಪಿನೊಳಗೆ ಅಷ್ಟು ಮಂದಿ ನಟಿಸುವ ವೀಕ್ಷಕರು ಸೇರಿಕೊಂಡರೆ, ಅವರು ಕಂಡದ್ದು ಗುಂಪಿನ ನಡತೆಯೋ, ತಮ್ಮದೇ ಪ್ರಭಾವದ ನೆರಳೋ? 2025ರಲ್ಲಿ ಥಾಮಸ್ ಕೆಲ್ಲಿ ಎಂಬ ಸಂಶೋಧಕರು ಫೆಸ್ಟಿಂಜರ್ ಅವರ ಉಳಿದ ಕಡತಗಳನ್ನು ಪರಿಶೀಲಿಸಿ ಪ್ರಕಟಿಸಿದ ಲೇಖನವು ಈ ಆಕ್ಷೇಪಕ್ಕೆ ಬಲ ತಂದಿತು. ಭವಿಷ್ಯ ಸುಳ್ಳಾಗುವ ಮೊದಲೇ ಗುಂಪು ತನ್ನ ಮತವನ್ನು ಹರಡಲು ಪ್ರಯತ್ನಿಸಿತ್ತು, ಆನಂತರ ಬಹುಬೇಗ ಚದುರಿಹೋಯಿತು, ವೀಕ್ಷಕರು ಸುಮ್ಮನೆ ನೋಡುತ್ತ ಕೂರದೆ ಘಟನೆಗಳ ಮೇಲೆ ಕೈಯಾಡಿಸಿದ್ದರು ಎಂಬುದು ಆ ಲೇಖನದ ವಾದ. ಅಂದರೆ ಒಂದು ಸುಂದರ ಸಿದ್ಧಾಂತವನ್ನು ನಂಬಿದ್ದ ವಿದ್ವಾಂಸರು, ಅದಕ್ಕೆ ಹೊಂದದ ಸಾಕ್ಷ್ಯವನ್ನು ಬದಿಗೆ ಸರಿಸಿದ್ದಿರಬಹುದು! ಮನಸ್ಸು ತನ್ನನ್ನು ತಾನು ಹೇಗೆ ನಂಬಿಸಿಕೊಳ್ಳುತ್ತದೆಂದು ಲೋಕಕ್ಕೆ ತಿಳಿಸಿದವರೂ ಆ ಬಲೆಯಿಂದ ಹೊರಗಿರಲಿಲ್ಲವೇನೋ.

ಪ್ರಯೋಗಾಲಯದ ಕಥೆಯೂ ಮೊದಲಿನಷ್ಟು ಸರಳವಾಗಿ ಉಳಿದಿಲ್ಲ. 2024ರಲ್ಲಿ 19 ದೇಶಗಳ 39 ಪ್ರಯೋಗಾಲಯಗಳು ಒಟ್ಟಾಗಿ 4,898 ಜನರೊಂದಿಗೆ ಈ ಬಗೆಯ ಒಂದು ಪ್ರಯೋಗವನ್ನು ಮತ್ತೆ ಮಾಡಿ ನೋಡಿದವು. ತಮ್ಮ ಅಭಿಪ್ರಾಯಕ್ಕೆ ವಿರುದ್ಧವಾಗಿ ಬರೆದವರ ನಿಲುವು ಬರೆದ ಕಡೆಗೆ ವಾಲಿದ್ದು ನಿಜ. ಆದರೆ ಸ್ವಇಚ್ಛೆಯಿಂದ ಬರೆದವರಲ್ಲಿ ಈ ಬದಲಾವಣೆ ಹೆಚ್ಚು, ಬಲವಂತಕ್ಕೆ ಬರೆದವರಲ್ಲಿ ಕಡಿಮೆ ಎಂದು ಸಿದ್ಧಾಂತ ಹೇಳಿದ್ದ ವ್ಯತ್ಯಾಸ ಕಾಣಿಸಲಿಲ್ಲ. ಸಿದ್ಧಾಂತ ಬಿದ್ದುಹೋಯಿತೆಂದು ಇದರರ್ಥವಲ್ಲ. ಅದರ ಯಾವ ಭಾಗ ಗಟ್ಟಿ, ಯಾವುದು ಟೊಳ್ಳು ಎಂಬ ಪರೀಕ್ಷೆ ಇನ್ನೂ ನಡೆಯುತ್ತಿದೆ ಎಂದರ್ಥ. ಎಪ್ಪತ್ತು ವರ್ಷ ಪಾಠಪುಸ್ತಕದಲ್ಲಿ ಮೆರೆದ ಮಾತನ್ನೂ ಮತ್ತೆ ತೂಗಿ ನೋಡುವ ಈ ಕ್ರಮವೇ ಶಾಸ್ತ್ರದ ನಿಜವಾದ ಮಾನ. ಒಬ್ಬೊಬ್ಬ ವಿದ್ವಾಂಸ ತನ್ನ ಮೀಸೆಯನ್ನು ಕಾಯ್ದುಕೊಳ್ಳಲು ಹೆಣಗಬಹುದು. ನಾಲ್ಕು ಜನ ಬೇರೆಯವರು ಬಂದು ನೋಡುವ ವ್ಯವಸ್ಥೆಯಿದ್ದರೆ ಮಣ್ಣು ಒಂದಲ್ಲ ಒಂದು ದಿನ ಕಾಣುತ್ತದೆ.

ನಮ್ಮ ಅಂಗಳದ ಡೊಂಕು

ಈಗ ನಾವು ಆರಂಭದಲ್ಲಿ ಹೇಳಿದ ಎರಡನೆಯ ಕಾರಣಕ್ಕೆ ಬರೋಣ. ನಮ್ಮಲ್ಲಿ ಎಷ್ಟೋ ಮಂದಿ ಎರಡು ಸೂಟ್‌ಕೇಸುಗಳೊಂದಿಗೆ ಈ ದೇಶಕ್ಕೆ ಬಂದವರು. ಇನ್ನೆರಡು ವರ್ಷ, ಆಮೇಲೆ ಊರಿಗೆ ಎಂದು ಅಪ್ಪ ಅಮ್ಮನಿಗೆ ಹೇಳಿ ಬಂದೆವು. ಆ ಎರಡು ವರ್ಷ ಹತ್ತಾಯಿತು, ಇಪ್ಪತ್ತಾಯಿತು. ಊರು ಬಿಟ್ಟಾಗ ಇಲ್ಲಿನ ಬದುಕೂ ಅಲ್ಲಿನ ಬದುಕೂ ಮನಸ್ಸಿನ ತಕ್ಕಡಿಯಲ್ಲಿ ಸರಿಸಮವಾಗಿದ್ದವು. ಈಗ ನಾಲ್ಕು ಜನ ಸೇರಿದರೆ ಬೆಂಗಳೂರಿನ ಟ್ರಾಫಿಕ್ಕು, ಧೂಳು, ನೀರಿನ ತೊಂದರೆ ಇವುಗಳ ಮಾತೇ ಮಾತು. ಅವೆಲ್ಲ ಸುಳ್ಳಲ್ಲ. ಆದರೆ ಬ್ರೆಮ್ ಅವರ ಪ್ರಯೋಗವನ್ನು ಓದಿದ ಮೇಲೆ ನಮ್ಮನ್ನು ನಾವು ಕೇಳಿಕೊಳ್ಳಬೇಕಾಗುತ್ತದೆ: ಆ ಟ್ರಾಫಿಕ್ಕಿನ ಮಾತು ಯಾರ ಸಮಾಧಾನಕ್ಕೆ? ಹಾಗೆಯೇ ಊರಿಗೆ ಮರಳಿದ ಗೆಳೆಯರು ಅಲ್ಲಿಂದ ಇಲ್ಲಿನ ಚಳಿಯನ್ನೂ ಒಂಟಿತನವನ್ನೂ ಆಡಿಕೊಳ್ಳುತ್ತಾರೆ. ಅವರೂ ಆರಿಸಿಕೊಂಡವರೇ. ಒಬ್ಬರನ್ನೊಬ್ಬರು ಗೇಲಿ ಮಾಡುವ ಬದಲು, ಬಿಟ್ಟುಬಂದದ್ದಕ್ಕೂ ಬೆಲೆಯಿತ್ತು, ಅದನ್ನು ಕಳೆದುಕೊಂಡೆವು ಎಂದು ಇಬ್ಬರೂ ಒಪ್ಪಿಕೊಳ್ಳಬಹುದು. ಆಯ್ಕೆ ಸರಿಯಾಗಿದ್ದರೂ ನಷ್ಟ ನಷ್ಟವೇ.

ಇದಕ್ಕಿಂತ ಹತ್ತಿರದ ಸಂಗತಿ ನಮ್ಮ ಕನ್ನಡ ತರಗತಿಯದು. ಕೂಟದ ಭಾನುವಾರದ ತರಗತಿಗೆ ಬರುವ ಮಕ್ಕಳ ಸಂಖ್ಯೆ ವರ್ಷದಿಂದ ವರ್ಷಕ್ಕೆ ಇಳಿಯುತ್ತಿರುವುದನ್ನು ಎಲ್ಲರೂ ಬಲ್ಲೆವು. ಸ್ವಯಂಸೇವಕರಾದ ನಾವು ಪ್ರತಿ ಸಭೆಯಲ್ಲೂ ಕಾರಣಗಳನ್ನು ಪಟ್ಟಿ ಮಾಡಿದೆವು: ಮಕ್ಕಳಿಗೆ ಸಾಕರ್, ಈಜು, ಪಿಯಾನೊ, ತಂದೆತಾಯಿಯರಿಗೆ ಆಸಕ್ತಿಯಿಲ್ಲ, ಪಠ್ಯಪುಸ್ತಕ ಇಲ್ಲಿಯ ಮಕ್ಕಳಿಗೆ ಹೊಂದುವುದಿಲ್ಲ. ತಂದೆತಾಯಿಯರೂ ತಮ್ಮ ಪಟ್ಟಿಯನ್ನು ಹೇಳಿದರು: ದೂರ, ಸಮಯ, ಮನೆಪಾಠದ ಹೊರೆ. ನೆಲ ಡೊಂಕೆಂದು ಎರಡೂ ಕಡೆಯವರು ಒಪ್ಪಿದೆವು.

ಕಳೆದ ಸಲದ ಸಭೆ ಮುಗಿಸಿ ಪಾತ್ರೆಗಳನ್ನು ಕಾರಿಗೆ ತುಂಬುತ್ತಿದ್ದಾಗ, ಮಗಳ ಮನೆಗೆಂದು ಊರಿನಿಂದ ಬಂದಿದ್ದ ಹಿರಿಯ ಅಮ್ಮನವರೊಬ್ಬರು ಮೆಲ್ಲಗೆ ಕೇಳಿದರು: "ಅಲ್ಲಪ್ಪಾ, ಒಳಗೆ ಅಷ್ಟು ಹೊತ್ತು ಕನ್ನಡದ ಬಗ್ಗೆ ಮಾತಾಡಿದಿರಿ. ಹೊರಗೆ ಬಂದು ಮಕ್ಕಳನ್ನ ಕರೆದಿರಲ್ಲ, ಒಬ್ಬರಾದರೂ ಕನ್ನಡದಲ್ಲಿ ಕರೆದಿರಾ?" ನಮ್ಮಲ್ಲಿ ಯಾರಿಗೂ ಉತ್ತರವಿರಲಿಲ್ಲ. ಒಬ್ಬರು ನಕ್ಕರು. ಇನ್ನೊಬ್ಬರು, ಮಕ್ಕಳಿಗೆ ಬೇಗ ಅರ್ಥವಾಗಲಿ ಎಂದು ಎನ್ನಲು ಹೋಗಿ ಅರ್ಧಕ್ಕೇ ನಿಲ್ಲಿಸಿದರು.

ಕನ್ನಡವನ್ನು ಪ್ರೀತಿಸುವವರು ನಾವು ಎಂಬುದು ನಾವು ಬರೆದುಕೊಂಡ ಚಿತ್ರ. ಮನೆಯಲ್ಲಿ ಮಕ್ಕಳೊಂದಿಗೆ ಇಂಗ್ಲಿಷ್ ಆಡುತ್ತೇವೆ ಎಂಬುದು ನಮ್ಮ ದಿನನಿತ್ಯದ ಕೃತಿ. ಈ ಎರಡರ ನಡುವಿನ ಅಪಸ್ವರವನ್ನು ಅಡಗಿಸಲು ನಾವು ರಾಜ್ಯೋತ್ಸವದ ದಿನ ಬಾವುಟ ಹಾರಿಸಿದೆವು, ಶಾಲು ಹೊದೆಸಿದೆವು, ಮಕ್ಕಳಿಂದ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದುಕೊಟ್ಟ ಹಾಡನ್ನು ಹಾಡಿಸಿದೆವು. ಅವು ಬೇಡವೆಂದಲ್ಲ; ಆದರೆ ಅವು ಕನ್ನಡಕ್ಕಾಗಿ ಎಷ್ಟೋ ನಮ್ಮ ಸಮಾಧಾನಕ್ಕಾಗಿಯೂ ಅಷ್ಟೇ ಆಗಿದ್ದವೇನೋ. ಓಕ್ ಪಾರ್ಕಿನ ಆ ಕೋಣೆಯಲ್ಲಿ ನಿಧಾನವಾಗಿದ್ದ ಗಡಿಯಾರವನ್ನು ನಂಬಿದವರನ್ನು ನೋಡಿ ನಗುವ ಮೊದಲು, ನಮ್ಮ ಮನೆಯ ಗೋಡೆಯ ಮೇಲೆ ಯಾವ ಗಡಿಯಾರವಿದೆಯೆಂದು ನೋಡಿಕೊಳ್ಳುವುದು ಒಳ್ಳೆಯದು.

ಸ್ಟೀಲ್ ಅವರ ಮಾತು ಇಲ್ಲಿ ನಮಗೆ ನೆರವಾಗುತ್ತದೆ. ತಪ್ಪನ್ನು ಒಪ್ಪಿಕೊಳ್ಳಲು ನಾವು ಕೆಟ್ಟವರಾಗಬೇಕಿಲ್ಲ. ದಿನವಿಡೀ ದುಡಿದು, ದೂರದಲ್ಲಿರುವ ಹಿರಿಯರ ಔಷಧಿಗೆ ವ್ಯವಸ್ಥೆ ಮಾಡಿ, ವಾರಾಂತ್ಯದಲ್ಲಿ ಕೂಟಕ್ಕೆ ಅಡುಗೆ ಮಾಡಿ ತರುವವರು ಅಯೋಗ್ಯರಲ್ಲ. ಅಷ್ಟನ್ನು ನೆನಪಿಟ್ಟುಕೊಂಡರೆ, ಹೌದು, ಮನೆಯಲ್ಲಿ ಕನ್ನಡ ಆಡಲಿಲ್ಲ, ಅದು ನಮ್ಮ ತಪ್ಪು ಎಂಬ ಒಂದು ವಾಕ್ಯ ಗಂಟಲಲ್ಲಿ ಸಿಕ್ಕಿಕೊಳ್ಳಬೇಕಾಗಿಲ್ಲ. ಆ ವಾಕ್ಯವನ್ನು ಮೊದಲು ನಾವೇ, ಅಂದರೆ ಈ ಪತ್ರಿಕೆಯನ್ನು ನಡೆಸುವ ಸ್ವಯಂಸೇವಕರೇ, ಇಲ್ಲಿ ಬರೆದಿದ್ದೇವೆ.

ಮುಂದಿನ ತಿಂಗಳಿನಿಂದ ತರಗತಿಯ ಕ್ರಮವನ್ನು ಸ್ವಲ್ಪ ಬದಲಿಸುತ್ತಿದ್ದೇವೆ. ಮಕ್ಕಳನ್ನು ಬಾಗಿಲಲ್ಲಿ ಬಿಟ್ಟು ಕಾಫಿಗೆ ಹೋಗುವ ಬದಲು, ಮೊದಲ ಅರ್ಧ ಗಂಟೆ ದೊಡ್ಡವರೂ ಒಳಗೆ ಕುಳಿತು ಮಕ್ಕಳೊಂದಿಗೆ ಕನ್ನಡದಲ್ಲಿಯೇ ಮಾತನಾಡಬೇಕೆಂದು ಕೇಳಿಕೊಳ್ಳುತ್ತೇವೆ. ಮಾತು ತೊಡರಬಹುದು, ಮಕ್ಕಳು ನಗಬಹುದು. ಹೆಚ್ಚು ಮುಜುಗರ ಆಗುವುದು ನಮಗೇ. ಆ ಅಮ್ಮನವರು ಇನ್ನೂ ಎರಡು ತಿಂಗಳು ಇಲ್ಲಿಯೇ ಇರುತ್ತಾರೆ. ಅವರೂ ಬಂದು ಕುಳಿತುಕೊಳ್ಳಲು ಒಪ್ಪಿದ್ದಾರೆ.